ಕಸದಲ್ಲಿ ಬೆಳೆದ ತೋಟ: ಚಂಡೀಗಢದ ಶಿಲೋದ್ಯಾನವೂ 1976ನೆಯ ಇಸವಿಯೂ

ಉದ್ಯಾನಗಳು ಹುಟ್ಟುವುದಕ್ಕೆ ಒಂದು ಕ್ರಮವುಂಟು. ಅರಸನೋ ಸರ್ಕಾರವೋ ಮೊದಲು ನೆಲವನ್ನು ಗೊತ್ತುಮಾಡುವುದು. ಆಮೇಲೆ ನಕ್ಷೆ ಸಿದ್ಧವಾಗುವುದು. ನಕ್ಷೆಯ ಹಿಂದೆ ಹಣ, ಹಣದ ಹಿಂದೆ ತೋಟಗಾರರು, ಅವರ ಹಿಂದೆ ಗಿಡಮರಗಳೂ ಪ್ರತಿಮೆಗಳೂ ಬಂದು ತಮ್ಮ ತಮ್ಮ ಎಡೆಯಲ್ಲಿ ನಿಲ್ಲುವುವು. ಇಷ್ಟೆಲ್ಲವೂ ಆದ ಬಳಿಕ, ಯಾರಾದರೊಬ್ಬ ದೊಡ್ಡ ಮನುಷ್ಯರು ನಾಡಾವನ್ನು ಕತ್ತರಿಸಿದ ಮೇಲೆ, ಪ್ರಜೆಗಳಿಗೆ ಒಳಕ್ಕೆ ಪ್ರವೇಶ. ಚಂಡೀಗಢದಲ್ಲಿರುವ ಶಿಲೋದ್ಯಾನದ ಚರಿತ್ರೆಯನ್ನು ಓದುವವರಿಗೆ ಈ ಕ್ರಮವು ಅಡಿಮೇಲಾಗಿರುವುದು ಕಂಡು ಆಶ್ಚರ್ಯವಾಗದಿರದು. ಅಲ್ಲಿ ಪ್ರತಿಮೆಗಳು ಮೊದಲು ಬಂದುವು. ಜನರು ಆಮೇಲೆ ಬಂದರು. ಸರ್ಕಾರದ ಅಪ್ಪಣೆಯು ಎಲ್ಲಕ್ಕಿಂತ ಕೊನೆಗೆ ಬಂದಿತು. ಸುಮಾರು ಹದಿನೆಂಟು ವರ್ಷಗಳ ಕಾಲ ಒಬ್ಬನೇ ಒಬ್ಬ ಮನುಷ್ಯನು, ಅದೂ ಸರ್ಕಾರದ ನೌಕರನೇ, ಸರ್ಕಾರದ ನೆಲದಲ್ಲಿ, ಸರ್ಕಾರಕ್ಕೆ ತಿಳಿಯದಂತೆ ಕಟ್ಟಿದ ತೋಟವದು. 1976ನೆಯ ಇಸವಿಯಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಆ ವರ್ಷದಲ್ಲಿ ಅದಕ್ಕೆ ದೊರೆತದ್ದೇನು, ದೊರೆಯದೆ ಉಳಿದದ್ದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಊರಿನ ಸಂಗತಿ. 1947ರ ವಿಭಜನೆಯಲ್ಲಿ ಪಂಜಾಬು ಇಬ್ಭಾಗವಾದಾಗ ಅದರ ರಾಜಧಾನಿಯಾದ ಲಾಹೋರು ಪಾಕಿಸ್ತಾನದ ಪಾಲಿಗೆ ಹೋಯಿತು. ತಲೆಯಿಲ್ಲದ ದೇಹದಂತೆ ಉಳಿದ ಭಾರತದ ಪಂಜಾಬಿಗೆ ಒಂದು ಹೊಸ ರಾಜಧಾನಿಯು ಬೇಕಾಯಿತು. ಶಿವಾಲಿಕ ಬೆಟ್ಟಗಳ ತಪ್ಪಲಿನಲ್ಲಿ ಸ್ಥಳವನ್ನು ಆರಿಸಿದರು. ಮೊದಲು ನಕ್ಷೆಯನ್ನು ಹಾಕಿದವನು ಅಮೆರಿಕದ ಆಲ್ಬರ್ಟ್ ಮೇಯರ್. ಅವನ ಜೊತೆಗಾರನಾದ ಮ್ಯಾಥ್ಯೂ ನೊವಿಟ್ಸ್ಕಿಯು 1950ರಲ್ಲಿ ವಿಮಾನಾಪಘಾತದಿಂದ ಮೃತನಾದ ತರುವಾಯ ಆ ಕಾರ್ಯವು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ್ದ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೇ ಎಂಬಾತನ ಕೈಗೆ ಬಂದಿತು. ಸರಳರೇಖೆಯ ಬೀದಿಗಳು, ಅಂಕೆಯಿಂದ ಕರೆಯಲ್ಪಡುವ ವಿಭಾಗಗಳು, ಒರಟು ಕಾಂಕ್ರೀಟಿನ ಬೃಹತ್ಸೌಧಗಳು, ಇವು ಆತನ ಪಟ್ಟಣದ ಲಕ್ಷಣಗಳು. ಊರಿನ ತಲೆಯ ಕಡೆಗೆ, ಬೆಟ್ಟದ ಮುಖವಾಗಿ, ಉಚ್ಚ ನ್ಯಾಯಾಲಯ, ಸಚಿವಾಲಯ, ಶಾಸನಸಭೆ ಈ ಮೂರನ್ನೂ ನಿಲ್ಲಿಸಿದನು. ಪೂರ್ವದಲ್ಲಿ ಸುಖನಾ ಎಂಬ ತೊರೆಗೆ ಅಡ್ಡಕಟ್ಟೆಯನ್ನು ಹಾಕಿ 1958ರಲ್ಲಿ ಒಂದು ಸರೋವರವನ್ನು ಮಾಡಿದರು. ಈ ಸೌಧಗಳಿಗೂ ಸರೋವರಕ್ಕೂ ನಡುವೆ ಯಾರೂ ಏನನ್ನೂ ಕಟ್ಟಕೂಡದೆಂದು ಕಾಡಾಗಿ ಬಿಟ್ಟ ನೆಲವೊಂದಿದ್ದಿತು. ನಮ್ಮ ಕಥೆಯು ನಡೆದದ್ದು ಆ ನೆಲದಲ್ಲಿ.

ಇಲ್ಲಿಯೇ ಇನ್ನೊಂದು ಮಾತನ್ನು ಹೇಳಬೇಕು. ಆ ಶಿಲ್ಪಿಯು ಊರಿನವರಿಗಾಗಿ ಒಂದು ಶಾಸನದಂಥ ಬರಹವನ್ನು ಬಿಟ್ಟುಹೋಗಿದ್ದಾನೆ. ವ್ಯಕ್ತಿಗಳ ಪ್ರತಿಮೆಗಳ ಕಾಲವು ಮುಗಿಯಿತೆಂದೂ, ಈ ಊರಿನಲ್ಲಾಗಲಿ ಇದರ ಉದ್ಯಾನಗಳಲ್ಲಾಗಲಿ ಅಂಥ ಪ್ರತಿಮೆಗಳನ್ನು ನಿಲ್ಲಿಸಕೂಡದೆಂದೂ ಅದರಲ್ಲಿ ವಿಧಿಸಿದ್ದಾನೆ. ಮಹನೀಯರ ಸ್ಮರಣೆಗೆ ಕಂಚಿನ ಫಲಕಗಳೇ ಸಾಕೆಂದು ಅವನ ಅಭಿಪ್ರಾಯ. ಕುದುರೆಯ ಮೇಲೆ ಕುಳಿತ ದೊರೆಗಳನ್ನೂ ಕೈಯಲ್ಲಿ ಪುಸ್ತಕ ಹಿಡಿದ ಮಂತ್ರಿಗಳನ್ನೂ ಚೌಕಚೌಕದಲ್ಲಿ ನೋಡಿ ಬೇಸತ್ತವರಿಗೆ ಈ ವಿಧಿಯಲ್ಲಿ ಏನೋ ಒಂದು ಹಿತವು ಕಾಣಬಹುದು. ಆದರೆ ವಿಧಿಯನ್ನು ಬರೆದವನ ಕಟ್ಟಡಗಳ ಕೂಗಳತೆಯಲ್ಲಿಯೇ ನೂರಾರು ಪ್ರತಿಮೆಗಳು ಕತ್ತಲೆಯಲ್ಲಿ ಹುಟ್ಟುತ್ತಿದ್ದುವು. ಅವು ಯಾವ ವ್ಯಕ್ತಿಯ ಪ್ರತಿಮೆಗಳೂ ಅಲ್ಲ, ಹೆಸರಿಲ್ಲದವರ ಪ್ರತಿಮೆಗಳು. ಆದುದರಿಂದ ವಿಧಿಯ ಅಕ್ಷರಕ್ಕೆ ಅವುಗಳಿಂದ ಭಂಗ ಬರಲಿಲ್ಲವೆಂದು ವಾದಿಸಬಹುದೇನೋ!

ಅವನ್ನು ಮಾಡಿದವರು ನೇಕ್ ಚಂದ್ ಸೈನಿ. 1924ನೆಯ ಇಸವಿ ಡಿಸೆಂಬರಿನಲ್ಲಿ, ಆಗ ಗುರುದಾಸಪುರ ಜಿಲ್ಲೆಗೆ ಸೇರಿದ್ದು ಈಗ ಪಾಕಿಸ್ತಾನದಲ್ಲಿರುವ ಶಕರಗಢ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಒಕ್ಕಲು ಮನೆತನದಲ್ಲಿ ಹುಟ್ಟಿದರು. 1947ರಲ್ಲಿ ಲಕ್ಷಾಂತರ ಜನರೊಡನೆ ಅವರೂ ಹುಟ್ಟೂರನ್ನು ಬಿಟ್ಟು ಗಡಿಯ ಈಚೆಗೆ ಬಂದರು. ಹೊಸ ರಾಜಧಾನಿಯನ್ನು ಕಟ್ಟುತ್ತಿದ್ದ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಯ ಇನ್‌ಸ್ಪೆಕ್ಟರಾಗಿ ಅವರಿಗೆ ಕೆಲಸ ಸಿಕ್ಕಿತು. ಶಿಲ್ಪವನ್ನಾಗಲಿ ಚಿತ್ರವನ್ನಾಗಲಿ ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಹಗಲೆಲ್ಲ ಜಲ್ಲಿ, ಡಾಂಬರು, ಸಿಮೆಂಟುಗಳ ನಡುವೆ ಓಡಾಡುವುದು ಅವರ ಕೆಲಸ.

ಹೊಸ ಊರೊಂದು ಏಳಬೇಕಾದರೆ ಹಳೆಯ ಊರುಗಳು ಮಲಗಬೇಕಷ್ಟೆ. ಚಂಡೀಗಢದ ನೆಲಕ್ಕಾಗಿ ಅಲ್ಲಿದ್ದ ಹಲವು ಹಳ್ಳಿಗಳನ್ನು ತೆರವುಮಾಡಿಸಿದರು. ಒಡೆದ ಗಡಿಗೆ, ಮುರಿದ ಹಂಚು, ಬಾಗಿಲ ಚೌಕಟ್ಟು, ಒಲೆಯ ಕಲ್ಲು, ಹೆಂಗಸರ ಬಳೆಯ ಚೂರು, ಇವೆಲ್ಲ ರಾಶಿರಾಶಿಯಾಗಿ ಬಿದ್ದುವು. ಒಂದು ಹಳ್ಳಿಯನ್ನು ತಾನೇ ಕಳೆದುಕೊಂಡು ಬಂದ ಮನುಷ್ಯನ ಕಣ್ಣಿಗೆ ಈ ರಾಶಿಗಳು ಬರಿಯ ಕಸವಾಗಿ ಕಾಣಲಿಲ್ಲ. ಈ ಮಾತನ್ನು ನಾನು ಊಹೆಯಿಂದ ಹೇಳುತ್ತಿರುವೆನಾದರೂ, ಅವರು ಮುಂದೆ ಮಾಡಿದ ಪ್ರತಿಮೆಗಳನ್ನು ನೋಡಿದರೆ ಊಹೆಗೆ ಆಧಾರವಿಲ್ಲದೆ ಇಲ್ಲ. ನೀರು ಹೊರುವ ಹೆಂಗಸರು, ಕುಣಿಯುವ ಹುಡುಗಿಯರು, ತಾಳ ಬಡಿಯುವವರು, ದನಕರು, ಕೋತಿ, ನವಿಲು, ಅಂಗಳದ ಕೋಳಿ: ಹಳ್ಳಿಯಲ್ಲಿ ಇದ್ದದ್ದೆಲ್ಲ ಅಲ್ಲಿವೆ.

ಸುಮಾರು 1958ರಿಂದ ಅವರು ಕಲ್ಲುಗಳನ್ನು ಕೂಡಿಹಾಕತೊಡಗಿದರು. ಶಿವಾಲಿಕದ ತಪ್ಪಲಿನಲ್ಲಿ ಮಳೆಗಾಲದಲ್ಲಿ ಮಾತ್ರ ಹರಿದು ಮಿಕ್ಕ ಕಾಲದಲ್ಲಿ ಒಣಗಿರುವ ತೊರೆಗಳುಂಟು. ಅಲ್ಲಿನ ಜನರು ಅವನ್ನು ‘ಚೋ’ ಎನ್ನುವರು. ಆ ತೊರೆಗಳ ಪಾತ್ರದಲ್ಲಿ ನೀರು ಕಡೆದು ಕಡೆದು ವಿಚಿತ್ರಾಕಾರಗಳನ್ನು ತಾಳಿದ ಕಲ್ಲುಗಳು ಸಿಕ್ಕುವುವು. ಒಂದು ಹಕ್ಕಿಯಂತೆ, ಇನ್ನೊಂದು ಕುಳಿತ ಮುದುಕನಂತೆ, ಮತ್ತೊಂದು ಯಾವುದರಂತೆಯೂ ಅಲ್ಲದೆ ಕೇವಲ ತನ್ನಂತೆಯೇ. ಕಚೇರಿಯ ಕೆಲಸ ಮುಗಿದ ಮೇಲೆ ನೇಕ್ ಚಂದರು ಬೈಸಿಕಲ್ಲಿನಲ್ಲಿ ಹೋಗಿ ಇಂಥ ಕಲ್ಲುಗಳನ್ನು ಹೇರಿಕೊಂಡು ಬರುತ್ತಿದ್ದರು. ಇಲಾಖೆಯ ಸಾಮಾನುಗಳನ್ನು ಶೇಖರಿಸುತ್ತಿದ್ದ ಜಾಗದ ಹತ್ತಿರ, ಕುರುಚಲು ಕಾಡಿನ ಮರೆಯಲ್ಲಿ, ಒಂದು ಗುಡಿಸಲನ್ನು ಹಾಕಿಕೊಂಡು ಅಲ್ಲಿ ಅವನ್ನು ಜೋಡಿಸಿದರು. ಒಂದು ದಿನವಲ್ಲ, ಒಂದು ವರ್ಷವಲ್ಲ. ಕೂಡಿಹಾಕುವ ಕೆಲಸವೇ ಏಳೆಂಟು ವರ್ಷ ನಡೆಯಿತು. 1965ರ ಸುಮಾರಿಗೆ ಪ್ರತಿಮೆಗಳನ್ನು ಮಾಡಲಾರಂಭಿಸಿದರು. ರಾತ್ರಿಯ ವೇಳೆ ಹಳೆಯ ಟೈರುಗಳನ್ನು ಉರಿಸಿ ಆ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರೆಂದು ಹೇಳುವರು.

ಪ್ರತಿಮೆ ಮಾಡುವ ಬಗೆಯನ್ನು ಸ್ವಲ್ಪ ವಿವರಿಸಿದರೆ ವಾಚಕರಿಗೆ ಬೇಸರವಾಗದೆಂದು ನಂಬುತ್ತೇನೆ, ಏಕೆಂದರೆ ಆ ತೋಟದ ಸ್ವಾರಸ್ಯವೆಲ್ಲ ಅಲ್ಲಿಯೇ ಅಡಗಿದೆ. ಒಳಗಿನ ಎಲುಬಿಗೆ ಕಬ್ಬಿಣದ ಸರಳು, ಹಳೆಯ ಕೊಳಾಯಿ, ಮುರಿದ ಬೈಸಿಕಲ್ಲಿನ ಚೌಕಟ್ಟು. ಬೈಸಿಕಲ್ಲಿನ ಕವಲು ಒಂದು ಪ್ರಾಣಿಯ ಕಾಲಾಗುವುದು, ಪೀಠದ ಕೆಳಗಿನ ಕೊಳವೆ ಕುತ್ತಿಗೆಯಾಗುವುದು. ಈ ಎಲುಬಿನ ಮೇಲೆ ಸಿಮೆಂಟಿನ ಗಾರೆಯನ್ನು ಮೆತ್ತುವರು. ಮೇಲಿನ ಪದರವು ಇನ್ನೂ ಹಸಿಯಾಗಿರುವಾಗ ಅದರಲ್ಲಿ ಬಳೆಯ ಚೂರುಗಳನ್ನೋ, ಪಿಂಗಾಣಿಯ ತುಂಡುಗಳನ್ನೋ, ಲೋಹವನ್ನು ಕರಗಿಸಿದಲ್ಲಿ ಉಳಿದ ಕಿಟ್ಟವನ್ನೋ ಒತ್ತಿ ಕೂರಿಸುವರು. ಹಸಿರು ಕೆಂಪು ಹಳದಿಯ ಗಾಜಿನ ಬಳೆಗಳನ್ನು ಸಾಲುಸಾಲಾಗಿ ಒತ್ತಿದ್ದರಿಂದ ಕುಣಿಯುವ ಹೆಂಗಸಿನ ಲಂಗವು ಬಿಸಿಲಿನಲ್ಲಿ ಮಿರುಗುವುದು. ಲಂಗಕ್ಕೆ ಬಳೆಯೇ ಬಟ್ಟೆಯಾದದ್ದನ್ನು ನೋಡಿ ಯಾವ ಹೆಣ್ಣುಮಗಳಿಗೆ ತಾನೆ ಮುಗುಳುನಗೆ ಬಾರದು? ಮುಖಗಳನ್ನು ಮಾತ್ರ ಬರಿಯ ಸಿಮೆಂಟಿನಲ್ಲಿಯೇ ಬಿಟ್ಟು ನಯಗೊಳಿಸಿರುವುದು ಹೆಚ್ಚು. ಮುಖಗಳೆಲ್ಲ ಹೆಚ್ಚುಕಡಮೆ ಒಂದೇ ತೆರ. ಕಣ್ಣು ಮೂಗುಗಳು ಸ್ಥೂಲ. ಒಂದೇ ಬಗೆಯವು ಹತ್ತು, ಇಪ್ಪತ್ತು, ಐವತ್ತು ಒಟ್ಟಾಗಿ, ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ನಿಂತಿರುವುದನ್ನು ನೋಡಿದರೆ ನಮ್ಮ ಮನೆಗಳ ನವರಾತ್ರಿಯ ಬೊಂಬೆಗಳ ನೆನಪಾಗುವುದು. ಬಿಡಿಯಾಗಿ ತೆಗೆದರೆ ಒಂದೊಂದು ಬೊಂಬೆಯೂ ಸಾಮಾನ್ಯವೇ. ಸಾಲಿನಲ್ಲಿ ನಿಂತಾಗ ಬೇರೊಂದು ಬಲವು ಬರುತ್ತದೆ.

ಗೋಡೆಗಳ ವಿಚಾರವೂ ಹೀಗೆಯೇ. ಮಳೆಗೆ ಸಿಕ್ಕಿ ಗೋಣಿಚೀಲದಲ್ಲಿಯೇ ಗಟ್ಟಿಯಾಗಿಹೋದ ಸಿಮೆಂಟು ಯಾವ ಕಟ್ಟಡಕ್ಕೂ ಬಾರದ ವಸ್ತು. ನೇಕ್ ಚಂದರು ಅಂಥ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಮಾಡಿದರು. ಕಾಲಕ್ರಮದಲ್ಲಿ ಗೋಣಿಯು ಕೊಳೆತುಹೋಗಿ ಚೀಲದ ಸುಕ್ಕು, ಹೊಲಿಗೆ, ನೂಲಿನ ಗುರುತುಗಳು ಮಾತ್ರ ಕಲ್ಲಿನಂತೆ ಉಳಿದುವು. ಬೇರೊಂದು ಕಡೆ ಡಾಂಬರಿನ ಪೀಪಾಯಿಗಳೇ ಗೋಡೆ. ಮತ್ತೊಂದು ಕಡೆ ವಿದ್ಯುದ್ದೀಪಗಳ ಒಡೆದ ಪಿಂಗಾಣಿ ಸಾಮಾನುಗಳನ್ನು ಹೊದಿಸಿದ ಗೋಡೆ. ಇನ್ನೊಂದು ಕಡೆ ಗೂಡಿನಲ್ಲಿ ಮಿತಿಮೀರಿ ಬೆಂದು ಉಬ್ಬಿ ಕಪ್ಪಾದ ಇಟ್ಟಿಗೆಗಳದು. ಊರಿನ ಕಟ್ಟಡಗಳಿಗೆ ಬಳಸಿದ ವಸ್ತುವೇ ತೋಟದಲ್ಲಿಯೂ ಇದೆ, ಆದರೆ ಊರು ಬೇಡವೆಂದ ಭಾಗ. ಲ ಕಾರ್ಬ್ಯೂಸಿಯೇ ಹಲಗೆಯ ಗುರುತುಗಳು ಕಾಣುವಂತೆ ಕಾಂಕ್ರೀಟನ್ನು ಒರಟಾಗಿ ಬಿಟ್ಟನು. ಅದನ್ನು ಜಗತ್ತೇ ಕೊಂಡಾಡಿತು. ಕೂಗಳತೆಯಲ್ಲಿ ನೇಕ್ ಚಂದರು ಗೋಣಿಯ ಗುರುತುಗಳನ್ನು ಬಿಟ್ಟರು. ಇಬ್ಬರೂ ಒಂದೇ ಗಾರೆಯ ಗುಣವನ್ನು ಅರಿತವರು ಎನ್ನುವುದು ನನ್ನ ಮತ.

ಬಾಗಿಲುಗಳನ್ನು ತೀರ ಗಿಡ್ಡವಾಗಿ ಕಟ್ಟಿದ್ದಾರೆ. ಎಷ್ಟೇ ದೊಡ್ಡವರಾದರೂ ತಲೆ ಬಗ್ಗಿಸದೆ ಒಳಕ್ಕೆ ಹೋಗುವಂತಿಲ್ಲ. ಸುಕ್ರಾಣಿಯೆಂಬ ಒಂದು ಹಳೆಯ ಕಾಲದ ರಾಜ್ಯವು ತಮಗೆ ಕನಸಿನಲ್ಲಿ ಕಂಡಂತೆ ಇಲ್ಲಿ ಮರಳಿ ಕಟ್ಟಿದೆನೆಂದು ನೇಕ್ ಚಂದರು ಹೇಳುತ್ತಿದ್ದರೆಂಬ ಐತಿಹ್ಯವುಂಟು. ಇಕ್ಕಟ್ಟಾದ ಓಣಿ, ಹಠಾತ್ತಾಗಿ ತೆರೆಯುವ ಅಂಗಳ, ಮತ್ತೆ ಓಣಿ, ಮತ್ತೆ ಅಂಗಳ, ಹೀಗೆ ತೋಟವು ಒಂದು ಕಥೆಯಂತೆ ಮುಂದುವರಿಯುತ್ತದೆ. ನೇರವಾದ ಬೀದಿಗಳ ಊರಿನಿಂದ ಒಳಕ್ಕೆ ಬಂದವನಿಗೆ ಮುಂದಿನ ತಿರುವಿನಲ್ಲಿ ಏನಿದೆಯೆಂಬುದೇ ತಿಳಿಯದು.

1970ರಿಂದಾಚೆಯ ಮೊದಲ ವರ್ಷಗಳಲ್ಲಿ ಈ ಗುಟ್ಟು ಹೊರಬಿದ್ದಿತು. ಕಾಡನ್ನು ತೆರವುಮಾಡಲು ಬಂದ ಸರ್ಕಾರದ ಜನರ ಕಣ್ಣಿಗೆ ಪೊದೆಗಳ ನಡುವೆ ಸಾಲುಗಟ್ಟಿ ನಿಂತ ಈ ಸಿಮೆಂಟಿನ ಪ್ರಜೆಗಳು ಬಿದ್ದರು. ಆ ವೇಳೆಗೆ ಅದು ಸುಮಾರು 12 ಎಕರೆಯಷ್ಟು ಹರಡಿಕೊಂಡಿತ್ತು. ಅಧಿಕಾರಿಗಳಿಗೆ ದೊಡ್ಡ ಸಂದಿಗ್ಧವುಂಟಾಯಿತು. ಕಾನೂನಿನ ದೃಷ್ಟಿಯಿಂದ ಸಂಶಯಕ್ಕೆ ಎಡೆಯೇ ಇಲ್ಲ: ಕಟ್ಟಡವನ್ನು ನಿಷೇಧಿಸಿದ ನೆಲ, ಅಪ್ಪಣೆಯಿಲ್ಲದ ಕಟ್ಟಡ, ಕಟ್ಟಿದವನು ಸರ್ಕಾರದ ಸಂಬಳ ತೆಗೆದುಕೊಳ್ಳುವವನು. ಮೂರರಲ್ಲಿ ಯಾವುದಾದರೊಂದು ಸಾಕು, ಕೆಡಹಿ ಕೆಲಸದಿಂದ ತೆಗೆಯುವುದಕ್ಕೆ. ಆದರೆ ಸುದ್ದಿಯು ಊರಿನಲ್ಲಿ ಹರಡಿ ಜನರು ಗುಂಪುಗುಂಪಾಗಿ ಬಂದು ನೋಡತೊಡಗಿದ್ದರು. ನೋಡಿದವರೊಬ್ಬರೂ ಕೆಡಹಿರೆಂದು ಹೇಳುವವರಾಗಿರಲಿಲ್ಲ.

ಉಳಿಸಬೇಕೆಂದು ಅಭಿಪ್ರಾಯಪಟ್ಟವರಲ್ಲಿ ಎಂ. ಎಸ್. ರಂಧಾವಾ ಅವರ ಹೆಸರನ್ನು ಮೊದಲು ಹೇಳಬೇಕು. ಇವರು ಐ.ಸಿ.ಎಸ್. ಅಧಿಕಾರಿಗಳು, ಸಸ್ಯಶಾಸ್ತ್ರದಲ್ಲಿ ಪಂಡಿತರು, ಕಾಂಗಡಾ ಮೊದಲಾದ ಪಹಾಡಿ ಚಿತ್ರಕಲೆಯ ಮೇಲೆ ಗ್ರಂಥಗಳನ್ನು ಬರೆದವರು. 1966ರ ನವೆಂಬರ್ 1ರಂದು, ಎಂದರೆ ನಮ್ಮ ಕನ್ನಡ ನಾಡು ಒಂದಾಗಿ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಪಂಜಾಬು ಮತ್ತೆ ಹಂಚಿಹೋಗಿ ಚಂಡೀಗಢವು ಕೇಂದ್ರಾಡಳಿತ ಪ್ರದೇಶವಾದಾಗ ಅಲ್ಲಿನ ಮೊದಲ ಮುಖ್ಯ ಆಯುಕ್ತರಾದವರೂ ಇವರೇ. 1967ರಲ್ಲಿ ಸ್ಥಾಪಿತವಾದ ಝಾಕಿರ್ ಹುಸೇನ್ ಗುಲಾಬಿ ತೋಟವು ಇವರ ಪ್ರಯತ್ನದ ಫಲ. ಅಪ್ಪಣೆಯಿಂದ, ನಕ್ಷೆಯಿಂದ, ಹಣದಿಂದ ತೋಟವನ್ನು ಮಾಡಿಸಿ ಬಲ್ಲವರು ಅಪ್ಪಣೆಯಿಲ್ಲದೆ ಬೆಳೆದ ತೋಟವನ್ನು ಕಂಡು ಮೆಚ್ಚಿದರೆಂಬುದು ಅವರ ರಸಿಕತೆಗೆ ಸಾಕ್ಷಿ. ಎಷ್ಟೋ ವೇಳೆ ಬಲ್ಲವರೇ ಇಂಥ ವಿಷಯಗಳಲ್ಲಿ ಕಠೋರರಾಗುವುದುಂಟು.

ಈಗ 1976ನೆಯ ಇಸವಿಗೆ ಬರೋಣ. ಆ ವರ್ಷವು ಎಂಥದೆಂಬುದನ್ನು ಮರೆಯಲಾಗದು. 1975ರ ಜೂನಿನಿಂದ 1977ರ ಮಾರ್ಚಿಯವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿಯಿದ್ದಿತು. ಊರುಗಳನ್ನು ಚೊಕ್ಕಟಗೊಳಿಸುವ ಹೆಸರಿನಲ್ಲಿ ಅಪ್ಪಣೆಯಿಲ್ಲದ ಮನೆಗಳನ್ನು ಕೆಡಹುವ ಕಾರ್ಯವು ಭರದಿಂದ ನಡೆಯುತ್ತಿದ್ದ ಕಾಲ. 1976ರ ಏಪ್ರಿಲಿನಲ್ಲಿ ದೆಹಲಿಯ ತುರ್ಕ್‌ಮನ್ ಬಾಗಿಲಿನ ಬಳಿ ನಡೆದ ಸಂಗತಿಯು ಚರಿತ್ರೆಯಲ್ಲಿ ಕಹಿಯಾಗಿ ಉಳಿದಿದೆ. ಮನೆಗಳನ್ನು ಕೆಡಹಬಂದವರನ್ನು ಎದುರಿಸಿದ ಜನರ ಮೇಲೆ ಗುಂಡು ಹಾರಿತು, ಪ್ರಾಣಗಳು ಹೋದುವು. ಅದೇ ವರ್ಷ, ದೆಹಲಿಯಿಂದ ಐದಾರು ಗಂಟೆಗಳ ದಾರಿಯಲ್ಲಿ, ಅಪ್ಪಣೆಯಿಲ್ಲದೆ ಕಟ್ಟಿದ 12 ಎಕರೆಯ ರಾಜ್ಯವನ್ನು ಸರ್ಕಾರವು ಕೆಡಹದೆ ಅದರ ಬಾಗಿಲನ್ನು ಪ್ರಜೆಗಳಿಗೆ ತೆರೆಯಿತು. ದೆಹಲಿಯಲ್ಲಿ ಕಳೆದುಹೋದದ್ದು ಜನರ ಮನೆ. ಚಂಡೀಗಢದಲ್ಲಿ ಉಳಿದದ್ದು ಬೊಂಬೆಗಳ ಮನೆ. ಇವೆರಡನ್ನೂ ಒಟ್ಟಿಗೆ ನೆನೆಯುವಾಗ ಸಂತೋಷವು ಅಷ್ಟು ಸುಲಭವಾಗಿ ಬರುವುದಿಲ್ಲ. ಆದರೂ ಉಳಿದದ್ದು ಉಳಿಯಿತೆಂಬುದು ಸುಳ್ಳಲ್ಲ.

ತೋಟಕ್ಕೆ ಆ ವರ್ಷ ದೊರೆತದ್ದು ಬರಿಯ ಕ್ಷಮೆಯಲ್ಲ. ನೇಕ್ ಚಂದರನ್ನು ರಸ್ತೆಯ ಕೆಲಸದಿಂದ ಬಿಡಿಸಿ, ಇದೇ ತೋಟದ ಕೆಲಸಕ್ಕೆ ಸಂಬಳದ ಮೇಲೆ ನೇಮಿಸಿದರು. ಸುಮಾರು ಐವತ್ತು ಮಂದಿ ಕೂಲಿಗಳನ್ನು ಕೊಟ್ಟರು. ಸಾಮಾನು ಸಾಗಿಸಲು ಬೈಸಿಕಲ್ಲಿನ ಬದಲಿಗೆ ಲಾರಿ ಬಂದಿತು. ಊರಿನ ಹಲವು ಕಡೆಗಳಲ್ಲಿ ಒಡಕು ಸಾಮಾನುಗಳನ್ನು ಸಂಗ್ರಹಿಸುವ ಸ್ಥಳಗಳು ಏರ್ಪಟ್ಟುವು. ತಪ್ಪು ಮಾಡಿದವನನ್ನು ಆ ತಪ್ಪಿನ ಮೇಲ್ವಿಚಾರಕನನ್ನಾಗಿ ಮಾಡಿದ ಇಂಥ ಇನ್ನೊಂದು ಆಜ್ಞೆಯು ನಮ್ಮ ಆಡಳಿತದ ಕಡತಗಳಲ್ಲಿ ಸಿಕ್ಕುವುದು ದುರ್ಲಭ.

ಆ ವರ್ಷದ ಮಧ್ಯದಲ್ಲಿ ಚಂಡೀಗಢದ ಮುಖ್ಯ ಆಯುಕ್ತರಾಗಿ ಬಂದು ಎರಡು ವರ್ಷವಿದ್ದವರು ಟಿ. ಎನ್. ಚತುರ್ವೇದಿ ಅವರು. ಇವರ ಹೆಸರನ್ನು ಕನ್ನಡಿಗರಿಗೆ ಪರಿಚಯಿಸಬೇಕಾದುದಿಲ್ಲ. 2002ರಿಂದ 2007ರವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದವರು ಇವರೇ. ನಡುವೆ ಭಾರತದ ಮಹಾಲೇಖಪಾಲರಾಗಿ, ನಿಯಮ ತಪ್ಪಿದ ಖರ್ಚನ್ನೆಲ್ಲ ಹುಡುಕಿ ತೆಗೆಯುವ ಕೆಲಸವನ್ನೂ ಮಾಡಿದರು. ನಿಯಮ ತಪ್ಪಿಯೇ ಹುಟ್ಟಿದ ತೋಟವೊಂದು ಅವರ ಆಡಳಿತದ ಮೊದಲ ದಿನಗಳಿಂದ ಕಣ್ಣೆದುರಿಗೇ ಬೆಳೆಯುತ್ತಿದ್ದುದನ್ನು ನೆನೆದರೆ ನಗು ಬರುತ್ತದೆ.

ಅಂದಿನಿಂದ ತೋಟವು ಬೇರೆ ರೀತಿಯಲ್ಲಿ ಬೆಳೆಯಿತು. ಮೊದಲ ಭಾಗವೆಲ್ಲ ಒಬ್ಬನ ಕೈ, ಒಬ್ಬನ ಬೈಸಿಕಲ್ಲು, ಒಬ್ಬನ ರಾತ್ರಿಗಳು. ಅಳತೆಯೂ ಅದಕ್ಕೆ ತಕ್ಕದ್ದೇ: ಒಬ್ಬ ಮನುಷ್ಯನು ಎತ್ತಬಹುದಾದ ಕಲ್ಲು, ಒಬ್ಬನು ಮೆತ್ತಬಹುದಾದಷ್ಟು ಗಾರೆ. 1976ರ ತರುವಾಯ ಐವತ್ತು ಜೊತೆ ಕೈಗಳು ಸೇರಿದ್ದರಿಂದ ಎತ್ತರದ ಜಲಪಾತ, ಕಮರಿ, ಸೇತುವೆ, ಮರದ ಬೇರುಗಳಂತೆ ಇಳಿಬಿದ್ದಿರುವ ಕಾಂಕ್ರೀಟಿನ ಬೇರುಗಳು, ಇವೆಲ್ಲ ಸಾಧ್ಯವಾದುವು. ಈ ಎರಡನೆಯ ಭಾಗವು 1983ರ ಹೊತ್ತಿಗೆ ಮುಗಿಯಿತು. ಮೂರನೆಯ ಭಾಗದಲ್ಲಿ ಎತ್ತರವಾದ ಕಮಾನುಗಳ ಸಾಲು, ಅವುಗಳಲ್ಲಿ ಉಯ್ಯಾಲೆಗಳು, ಬಯಲು ನಾಟಕಶಾಲೆ ಬಂದುವು. ಈಗ ಒಟ್ಟು 40 ಎಕರೆಯೆಂದು ಸಾಧಾರಣವಾಗಿ ಹೇಳುವರು. ಉಯ್ಯಾಲೆಯ ಅಂಗಳದಲ್ಲಿ ಜನಜಂಗುಳಿ ಹೆಚ್ಚು, ಮಕ್ಕಳ ಕೇಕೆ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವೈಶಾಲ್ಯದಲ್ಲಿ ಗೆದ್ದದ್ದು ಸೂಕ್ಷ್ಮದಲ್ಲಿ ಸ್ವಲ್ಪ ಸೋತಿದೆಯೆಂದು ನನಗೆ ತೋರುತ್ತದೆ. ಕದ್ದು ಕಟ್ಟಿದ 12 ಎಕರೆಗಳಲ್ಲಿರುವ ಬಿಗಿಯು ಅಪ್ಪಣೆ ಪಡೆದು ಕಟ್ಟಿದ ಎಕರೆಗಳಲ್ಲಿ ಇಲ್ಲ. ಇದನ್ನು ಒಪ್ಪದವರು ಇರಬಹುದು. ಜಲಪಾತದ ಕೆಳಗೆ ನಿಂತು ಬಂದವರು ನಿಶ್ಚಯವಾಗಿಯೂ ಒಪ್ಪಲಾರರು.

ಇಂಥ ಒಬ್ಬೊಂಟಿಗರು ಬೇರೆ ದೇಶಗಳಲ್ಲಿಯೂ ಆಗಿಹೋಗಿದ್ದಾರೆ. ಫ್ರಾನ್ಸಿನ ಓಟ್‌ರಿವ್ ಎಂಬಲ್ಲಿ ಫರ್ಡಿನಾಂಡ್ ಶವಾಲ್ ಎಂಬ ಟಪ್ಪಾಲಿನವನು 1879ರಲ್ಲಿ ದಾರಿಯಲ್ಲಿ ಎಡವಿದ ಒಂದು ಕಲ್ಲನ್ನು ಎತ್ತಿಕೊಂಡದ್ದೇ ಮೊದಲಾಗಿ 33 ವರ್ಷ ಕಲ್ಲುಗಳನ್ನು ಹೊತ್ತುತಂದು ಒಂದು ಅರಮನೆಯನ್ನೇ ಕಟ್ಟಿದನು. 1969ರಲ್ಲಿ ಅಲ್ಲಿನ ಸಂಸ್ಕೃತಿ ಸಚಿವನಾಗಿದ್ದ ಆಂಡ್ರೆ ಮಾಲ್ರೋ ಅದನ್ನು ರಕ್ಷಿತ ಸ್ಮಾರಕವನ್ನಾಗಿ ಮಾಡಿದನು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಇಟಲಿಯಿಂದ ಬಂದ ಸೈಮನ್ ರೋಡಿಯಾ ಎಂಬ ಕೂಲಿಯು 1921ರಿಂದ 1954ರವರೆಗೆ ಕಬ್ಬಿಣ, ಗಾರೆ, ಪಿಂಗಾಣಿ ಚೂರುಗಳಿಂದ ಗೋಪುರಗಳನ್ನು ಎಬ್ಬಿಸಿದನು. ಪುರಸಭೆಯವರು ಅಪಾಯಕರವೆಂದು ಕೆಡಹಲು ಹೊರಟರು; 1959ರಲ್ಲಿ ಭಾರ ಹಾಕಿ ಎಳೆದು ನೋಡಿದಾಗ ಗೋಪುರವು ಜಗ್ಗಲಿಲ್ಲ; ಆದುದರಿಂದ ಉಳಿಯಿತು. ಈ ಇಬ್ಬರ ಕೃತಿಗಳಿಗೂ ಕೆಲಸ ಮುಗಿದ ಮೇಲೆ ಮನ್ನಣೆ ಬಂದಿತು. ನೇಕ್ ಚಂದರಿಗಾದರೋ ಕೆಲಸದ ನಡುವೆಯೇ ಬಂದಿತು, ಸಂಬಳದೊಡನೆ ಬಂದಿತು. ಇದು ಅವರ ಭಾಗ್ಯವೂ ಹೌದು, ಒಂದು ತೊಡಕೂ ಹೌದು. ತೋಟವು ಸರ್ಕಾರದ ಇಲಾಖೆಯೊಂದರ ಅಂಗವಾದ ಮೇಲೆ, ಇಲಾಖೆಯ ಮನಸ್ಸು ಬದಲಾದಾಗಲೆಲ್ಲ ಅದಕ್ಕೂ ಬಿಸಿ ತಟ್ಟದಿರುವುದೇ?

ಮನ್ನಣೆಗಳೇನೋ ಒಂದರ ಮೇಲೊಂದು ಬಂದುವು. 1983ರಲ್ಲಿ ತೋಟದ ಚಿತ್ರವುಳ್ಳ ಅಂಚೆಯ ಚೀಟಿ ಹೊರಟಿತು. 1984ರಲ್ಲಿ ಪದ್ಮಶ್ರೀ ಪ್ರಶಸ್ತಿ. 1986ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಅವರ ಪ್ರತಿಮೆಗಳಿಂದ ಒಂದು ತೋಟವೇ ಏರ್ಪಟ್ಟಿತು. ಆದರೆ ಮನೆಯಲ್ಲಿ ಬೇರೆಯೇ ಗಾಳಿ ಬೀಸುತ್ತಿದ್ದಿತು. 1990ರ ಹೊತ್ತಿಗೆ ತೋಟದ ನೆಲದಲ್ಲಿ ಒಂದು ರಸ್ತೆಯನ್ನು ಹಾಯಿಸುವ ಯೋಜನೆ ಹೊರಟು, ಕೆಡಹುವ ಯಂತ್ರಗಳು ಬಾಗಿಲಿಗೇ ಬಂದುವು. ಊರಿನ ಜನರು ಕೈಕೈ ಹಿಡಿದು ಗೋಡೆಯಂತೆ ಅಡ್ಡ ನಿಂತರು. ಯಂತ್ರಗಳು ಹಿಂದಿರುಗಿದುವು. 1996ರಲ್ಲಿ ನೇಕ್ ಚಂದರು ವಿದೇಶಕ್ಕೆ ಹೋಗಿದ್ದಾಗ ತೋಟದ ಕೆಲಸಗಾರರನ್ನು ಹಿಂದಕ್ಕೆ ಕರೆಸಿಕೊಂಡರು. ಕಾವಲಿಲ್ಲದ ಆ ದಿನಗಳಲ್ಲಿ ದುಷ್ಟರು ನುಗ್ಗಿ ಪ್ರತಿಮೆಗಳನ್ನು ಒಡೆದರು. ಇಪ್ಪತ್ತು ವರ್ಷಗಳ ಹಿಂದೆ ಕೊಟ್ಟ ಐವತ್ತು ಜನರನ್ನು ಒಂದು ಆಜ್ಞೆಯು ಕೊಟ್ಟಂತೆ ಇನ್ನೊಂದು ಆಜ್ಞೆಯು ಕಸಿದುಕೊಂಡಿತು. 1976ರಲ್ಲಿ ತೋಟಕ್ಕೆ ಸಿಕ್ಕದೆ ಉಳಿದದ್ದು ಇದೇ ಎಂದು ನನ್ನ ತಿಳಿವಳಿಕೆ. ಅಂದು ಅದನ್ನು ಕಾಪಾಡಿದ್ದು ಕೆಲವು ಅಧಿಕಾರಿಗಳ ಸಹೃದಯತೆ. ಸಹೃದಯತೆಯು ಅಧಿಕಾರಿಯೊಡನೆಯೇ ವರ್ಗವಾಗಿ ಹೋಗುವ ಪದಾರ್ಥ. ತರುವಾಯ ತೋಟದ ಹಿತಚಿಂತಕರ ಸಂಘವೊಂದು ಏರ್ಪಟ್ಟು ಅದರ ನಿರ್ವಾಹವನ್ನು ವಹಿಸಿಕೊಂಡಿತು. ಲಂಡನ್ನಿನಲ್ಲಿಯೂ 1997ರಲ್ಲಿ ಅವರ ಹೆಸರಿನ ಒಂದು ಪ್ರತಿಷ್ಠಾನವು ಹುಟ್ಟಿತು.

2015ರ ಜೂನ್ 12ರಂದು ನೇಕ್ ಚಂದರು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ, 2016ರ ಜುಲೈಯಲ್ಲಿ, ಲ ಕಾರ್ಬ್ಯೂಸಿಯೇ ಏಳು ದೇಶಗಳಲ್ಲಿ ಕಟ್ಟಿದ 17 ಕೃತಿಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಚಂಡೀಗಢದ ಆ ಮೂರು ಸೌಧಗಳ ಸಮುಚ್ಚಯವೂ ಅವುಗಳಲ್ಲೊಂದು. ಪಕ್ಕದ ಶಿಲೋದ್ಯಾನವು ಆ ಪಟ್ಟಿಯಲ್ಲಿಲ್ಲ. ವಿಧಿಸಿದವನ ಕಟ್ಟಡಕ್ಕೆ ಜಗತ್ತಿನ ಕಾವಲು, ವಿಧಿಯ ಮರೆಯಲ್ಲಿ ಕಟ್ಟಿದವನ ತೋಟಕ್ಕೆ ಊರಿನವರ ಕಾವಲು. 2025ರ ಫೆಬ್ರವರಿಯಲ್ಲಿ, ಉಚ್ಚ ನ್ಯಾಯಾಲಯದ ಕಡೆಗೆ ರಸ್ತೆಯನ್ನು ಅಗಲಿಸಿ ವಾಹನಗಳನ್ನು ನಿಲ್ಲಿಸಲು ಎಡೆ ಮಾಡಬೇಕೆಂಬ ಕಾರಣದಿಂದ, ಶಿಲೋದ್ಯಾನದ ಗೋಡೆಯ ಒಂದು ಭಾಗವನ್ನು ಕೆಡಹಿದರು. ಊರಿನ ಜನರು ಮತ್ತೆ ಪ್ರತಿಭಟಿಸಿದರು. ಆದರೆ 1990ರಂತೆ ಯಂತ್ರವು ಹಿಂದಿರುಗಲಿಲ್ಲ.

ಉತ್ತರ ದೇಶದ ಯಾತ್ರೆಗೆ ಹೋಗುವ ನಮ್ಮವರು ಅಮೃತಸರಕ್ಕೋ ಶಿಮ್ಲಾಕ್ಕೋ ಹೋಗುವ ದಾರಿಯಲ್ಲಿ ಚಂಡೀಗಢದಲ್ಲಿ ಅರ್ಧ ದಿನ ತಂಗುವುದುಂಟು. ಅಂಥವರು ಜಲಪಾತಕ್ಕೂ ಉಯ್ಯಾಲೆಗೂ ಅವಸರಪಡದೆ, ಗಿಡ್ಡ ಬಾಗಿಲುಗಳ ಮೊದಲ ಭಾಗದಲ್ಲಿ ಒಂದು ಗಂಟೆಯಾದರೂ ನಿಧಾನವಾಗಿ ಕಳೆಯಬೇಕು. ಬೆಳಗಿನ ಬಿಸಿಲು ಒಳ್ಳೆಯದು. ಬಳೆಯ ಚೂರುಗಳು ಆಗಲೇ ಚೆನ್ನಾಗಿ ಹೊಳೆಯುವುವು. ಕಲ್ಲುಗಳನ್ನು ಮಾತ್ರವೇ ಇಟ್ಟಿರುವ ಅಂಗಳವೊಂದುಂಟು. ಅಲ್ಲಿ ಗಾರೆಯೂ ಇಲ್ಲ, ಬಳೆಯೂ ಇಲ್ಲ. ತೊರೆಯು ಕಡೆದಿಟ್ಟ ಆಕಾರಗಳು ಮಾತ್ರ, ಬೈಸಿಕಲ್ಲಿನ ಮೇಲೆ ಬಂದವು.